ಆಲೂಗೆಡ್ಡೆ ಹೊಲಕ್ಕೆ ಇಳಿಯಲೊಪ್ಪದ ಪೆಟ್ರೋಲ್ ಮಿಷನ್ನಿನವರಿಗೆ

ಪೆರೇಸಂದ್ರದ ಹತ್ತಿರದ ಒಂದು ಹಳ್ಳಿ,
ಸಂಕ್ರಾಂತಿ ಕಳೆದ ವಾರ, ೧೯೬೫

ಮಾನ್ಯರೇ,

ನಮ್ಮ ಮನೆಯ ಪಡಸಾಲೆಯಲ್ಲಿ, ನಾನು ಮಲಗುತ್ತಿದ್ದ ಬೆಂಚಿನ ಮೇಲೆ ಕ್ಷೇಮವಾಗಿ ವಿರಾಜಮಾನರಾಗಿರುವ, ಬೆನ್ನಿಗೆ ಕಟ್ಟಿಕೊಂಡು ಬೆಳೆಗೆ ಔಷಧಿ ಹೊಡೆಯುವ ಪೆಟ್ರೋಲ್ ಮಿಷನ್ನಿನವರಾದ ತಮ್ಮ ಸನ್ನಿಧಿಗೆ, ಸದ್ಯ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿರುವ ವೆಂಕಟರವಣಪ್ಪನು ಮಾಡುವ ನಮಸ್ಕಾರಗಳು. ಊರಿನವರೆಲ್ಲರಿಗೂ ಗೊತ್ತಿರುವ ಸಂಗತಿಯನ್ನು ಗುಟ್ಟಾಗಿ ಬರೆಯುವುದರಲ್ಲಿ ಅರ್ಥವಿಲ್ಲವಾದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ ತಾವು ಒಂದೇ ಎಳೆತಕ್ಕೆ ಗುಡುಗಿ, ಎದುರಿಗಿದ್ದ ಹುಣಸೆಮರದ ಎಲೆಗಳನ್ನು ಅಲುಗಿಸಿದ್ದನ್ನು ನೋಡಿದಂದಿನಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಬಸ್ಸಿನ ಮೇಲೆ ತಮ್ಮನ್ನು ಹತ್ತಿಸಲು ಮನಸ್ಸಾಗದೆ ತೊಡೆಯ ಮೇಲೆ ಕೂರಿಸಿಕೊಂಡು ಬಂದೆ. ಅಲ್ಲಿಯವರೆಗೆ ಔಷಧಿ ಹೊಡೆಯುತ್ತಿದ್ದ ಕೈಪಂಪನ್ನು ಪಕ್ಕದ ಹೊಲದ ಗಂಗುಲಪ್ಪನಿಗೆ ಕೊಟ್ಟುಬಿಟ್ಟೆ. ಆಯುಧಪೂಜೆಯ ದಿನ ತಮಗೆ ಹೂವು, ಗಂಧ, ಕುಂಕುಮಗಳನ್ನು ಧಾರಾಳವಾಗಿ ಅರ್ಪಿಸಿದೆ. ನನ್ನ ಹೆಂಡತಿ ಓಬಳಮ್ಮ ಅದನ್ನೆಲ್ಲ ನೋಡಿ, "ನಮ್ ಮದುವೇಲಿ ನನಗೂ ಇಷ್ಟು ಕುಂಕುಮ ಇಟ್ಟಿರಲಿಲ್ಲ ನೀವು," ಎಂದಿದ್ದಳು. ನಾನು ಅದನ್ನು ಹೊಗಳಿಕೆಯೆಂದೇ ತಿಳಿದುಕೊಂಡೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನನ್ನ ಹೊಲದ ಕೆಳಗಿನ ಹೊಲ ನಮ್ಮಕ್ಕ ಅಕ್ಕಯಮ್ಮನದು. ಭಾವ ತೀರಿಹೋದ ಮೇಲೆ ಒಬ್ಬಳೇ ನಿಂತು ಬೇಸಾಯ ಮಾಡುವವಳು. ಆಲೂಗೆಡ್ಡೆ ನಾಟಿಯಾದಾಗ ಅವಳು ಔಷಧಿ ಹೊಡೆಯುವುದಕ್ಕೆ ಗಂಗುಲಪ್ಪನ ಹತ್ತಿರ ಪಂಪು ಕೇಳಲು ಹೊರಟಿದ್ದಳು. ನಾನು ಅಡ್ಡ ನಿಂತು, ತಮ್ಮ ಭರವಸೆಯ ಮೇಲೆ, "ಅಕ್ಕ, ಯಾರನ್ನೂ ಕೇಳಬೇಡ. ನಾನೊಂದು ಬೀಡಿ ಸೇದಿ ಮುಗಿಸೋದ್ರೊಳಗೆ ನನ್ನ ಮಿಷನ್ನು ನಿನ್ ಹೊಲ ಮುಗಿಸ್ತದೆ," ಎಂದು ಮಾತು ಕೊಟ್ಟೆ. ಅವಳು ನನ್ನ ಮುಖ ನೋಡಿ, "ನೀನ್ ಬೀಡಿ ಬಿಟ್ಟೆ ಅಂದಿದ್ದೆಯಲ್ಲಪ್ಪ," ಎಂದಷ್ಟೇ ಹೇಳಿ ಒಪ್ಪಿಕೊಂಡಳು.

ಡಿಸೆಂಬರಿನಲ್ಲಿ ಮಂಜು ಕವಿಯಿತು. ಬಿಸಿಲೇರಿದರೂ ಎಲೆಗಳ ಒದ್ದೆ ಆರದು. ಒಂದು ಬೆಳಿಗ್ಗೆ ನೋಡಿದರೆ ಗಿಡಗಳ ಎಲೆಯಂಚಿನಲ್ಲಿ ಕಪ್ಪು ಚುಕ್ಕೆಗಳು ಕಂಡವು. ಅಂಗಮಾರಿ ರೋಗ ಒಮ್ಮೆ ಹತ್ತಿದರೆ ಹಸಿರಾಗಿದ್ದ ಹೊಲ ನೋಡನೋಡುತ್ತ ಬೆಂದಂತಾಗುತ್ತದೆ. ನನಗೆ ಮಾತ್ರ, ಹೇಳಲು ನಾಚಿಕೆಯಾಗುತ್ತದೆ, ಒಳಗೊಳಗೇ ಸಂತೋಷವಾಯಿತು. ತಮ್ಮ ಪರಾಕ್ರಮವನ್ನು ಊರಿಗೆ ತೋರಿಸುವ ದಿನ ಕೊನೆಗೂ ಬಂದಿತ್ತು.

ನೀಲಿ ಬಣ್ಣದ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ, ತಮ್ಮನ್ನು ಬೆನ್ನಿಗೇರಿಸಿಕೊಂಡು, ಬದುವಿನ ಮೇಲೆ ಕಾದಿದ್ದ ಜನರ ಎದುರಿಗೆ ಹೋಗಿ ನಿಂತೆ. ತಮ್ಮನ್ನು ಎಬ್ಬಿಸುವ ಹಗ್ಗವನ್ನು ಎಳೆಯಲು ಮಂಚೇನಹಳ್ಳಿಯಿಂದ ಬಂದಿದ್ದ ಬಾಮೈದ ಕೋನಪ್ಪ ನನ್ನ ಹಿಂದೆ ಸಿದ್ಧನಾಗಿದ್ದ. ಅವನು ಎಳೆದ. ತಾವು ಒಮ್ಮೆ ಗೊರಕೆ ಹೊಡೆದಿರಿ. ಮತ್ತೆ ಎಳೆದ. ತಾವು ಮಗ್ಗುಲು ಬದಲಿಸಿದಂತೆ ಸದ್ದು ಮಾಡಿ ಸುಮ್ಮನಾದಿರಿ. ಅವನು ಕಾಲನ್ನು ನನ್ನ ಸೊಂಟಕ್ಕೆ ಕೊಟ್ಟು ಮೈಯ ಬಲವನ್ನೆಲ್ಲ ಹಾಕಿ ಎಳೆದಾಗ ತಾವು ಏಳಲಿಲ್ಲ, ನಾನು ಮಾತ್ರ ಹಿಮ್ಮುಖವಾಗಿ ಹೊರಟು ನೀರಿನ ಕಾಲುವೆಯಲ್ಲಿ ತಮ್ಮ ಸಮೇತ ಕುಳಿತೆ. ಔಷಧಿ ನನ್ನ ತಲೆಯ ಮೇಲೆ ಸುರಿಯಿತು. ಆ ದಿನ ಆ ಊರಿನಲ್ಲಿ ಅಂಗಮಾರಿಯ ಭಯವಿಲ್ಲದೆ ಇದ್ದವನು ನಾನೊಬ್ಬನೇ.

ತಮ್ಮೊಂದಿಗೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ವಿದ್ಯೆ ನನಗಿದೆ ಎಂದು ನಾನೇ ಎಲ್ಲರಿಗೂ ಹೇಳಿಕೊಂಡಿದ್ದೆನಾದ್ದರಿಂದ ಅದನ್ನು ತೆರೆಯಲೇಬೇಕಾಯಿತು. ಮೊದಲು ಚೋಕ್ ಮಾಡಿ ಎಂದಿತ್ತು. ನಿಘಂಟಿನಲ್ಲಿ ಆ ಪದಕ್ಕೆ ಕತ್ತು ಹಿಸುಕುವುದು ಎಂಬ ಅರ್ಥವಿತ್ತು. ನನಗೂ ಆ ಹೊತ್ತಿಗೆ ಅದೇ ಮನಸ್ಸಾಗಿತ್ತಾದರೂ ತಮ್ಮ ಕತ್ತು ಯಾವುದೆಂದು ಗೊತ್ತಾಗಲಿಲ್ಲ. ಕೋನಪ್ಪ ಪ್ಲಗ್ ಬಿಚ್ಚಿ, ಒರಸಿ, ಬೆಂಕಿಯಲ್ಲಿ ಕಾಯಿಸಿ ಹಾಕಿದ. ಆಗಲೂ ತಾವು ಮೌನವನ್ನು ಮುರಿಯದಿದ್ದಾಗ, "ಭಾವ, ಪೆಟ್ರೋಲು ಹಳೇದಾಗೈತೆ, ಅದಕ್ಕೇ ಕಿಡಿ ಹತ್ತಾ ಇಲ್ಲ," ಎಂದು ತೀರ್ಮಾನಿಸಿದ. ನಾನು ನೀಲಿ ತಲೆಯಲ್ಲೇ ಡಬ್ಬ ಹಿಡಿದು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವರು ಎದ್ದು ಹೋದರು.

ಹೊಸ ಪೆಟ್ರೋಲ್ ತಂದು ಹೊಲ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಬದುವಿನ ಮೇಲೆ ಜನರಿರಲಿಲ್ಲ. ನಾನು ಗಂಗುಲಪ್ಪನಿಗೆ ಕೊಟ್ಟಿದ್ದ ಕೈಪಂಪು ನನ್ನ ಹೊಲದ ನಡುವೆ ನಿಂತಿತ್ತು. ಓಬಳಮ್ಮ ಅದರ ಹಿಡಿಯನ್ನು ಹಿಂದೆ ಮುಂದೆ ಒತ್ತುತ್ತಿದ್ದಳು. ಅಕ್ಕ ಸೀರೆ ಎತ್ತಿ ಕಟ್ಟಿ, ಮೊಣಕೈವರೆಗೂ ನೀಲಿಯಾಗಿ, ಕೊಳವೆ ಹಿಡಿದು ಸಾಲಿನಿಂದ ಸಾಲಿಗೆ ಹೋಗುತ್ತಿದ್ದಳು. ಕೆಳಗಿನ ಅವಳ ಹೊಲ ಮಾತ್ರ ಹಾಗೆಯೇ ಇತ್ತು.

"ಅಕ್ಕ, ನಿಂದು ಮೊದಲು ಹೊಡ್ಕೊಳ್ಳೋದು ಬಿಟ್ಟು..." ಎಂದೆ.

ಅವಳು ತಿರುಗಿ ನೋಡದೆಯೇ, "ನಿನ್ ಮೇಲೆ ಪ್ರೀತಿಗೇನಲ್ಲ ಕಣಪ್ಪ. ಗಾಳಿ ನಿನ್ ಹೊಲದ ಕಡೆಯಿಂದ ಬೀಸ್ತಾ ಐತೆ. ಮೇಲ್ಗಡೆ ರೋಗ ನಿಲ್ಲಿಸದೆ ಕೆಳಗಡೆ ಹೊಡೆದ್ರೆ ಏನ್ ಬಂತು?" ಎಂದಳು.

ಓಬಳಮ್ಮ ಹಿಡಿ ಬಿಟ್ಟು ಪಕ್ಕಕ್ಕೆ ಸರಿದಳು. ನಾನು ಪೆಟ್ರೋಲ್ ಡಬ್ಬವನ್ನು ಬದುವಿನ ಮೇಲಿಟ್ಟು ಹಿಡಿಯನ್ನು ಹಿಡಿದೆ. ಹೊತ್ತು ಮುಳುಗುವ ತನಕ ಒತ್ತಿದೆ. ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಆದರೂ ಅಕ್ಕನ ಹೊಲದ ಕೊನೆಯ ಮೂಲೆ ಮುಟ್ಟುವಷ್ಟರಲ್ಲಿ ಬೆಳಕು ಹೋಯಿತು, ಔಷಧಿಯೂ ಮುಗಿಯಿತು. ಮಾರನೆಯ ದಿನ ನೋಡಿದರೆ ಆ ಮೂಲೆ ಕಪ್ಪಾಗಿ ಒರಗಿತ್ತು. ನಾನು ಕೊಟ್ಟ ಮಾತಿಗೆ ತಾವು ಹೊಣೆಯಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆ ಮೂಲೆಯ ಕಡೆ ಹೋಗುವುದನ್ನು ತಪ್ಪಿಸಲು ಈಗಲೂ ಸುತ್ತು ದಾರಿಯಲ್ಲಿ ಹೋಗುತ್ತೇನೆ ಎಂಬುದನ್ನೂ ತಮ್ಮ ಅವಗಾಹನೆಗೆ ತರುತ್ತೇನೆ.

ಕೆಲವು ದಿನಗಳ ನಂತರ ತಮ್ಮನ್ನು ಅಂಗಡಿಗೆ ಹಿಂತಿರುಗಿಸಿ ಜಗಳವಾಡೋಣವೆಂದು ಧೂಳು ಒರಸುವಾಗ, ಗಾಳಿ ಒಳಗೆ ಹೋಗುವ ಜಾಲರಿಯ ಮೇಲೆ ನನ್ನ ಉಗುರು ತಗುಲಿತು. ಕೆಂಪಗೆ ಒಂದು ಹಕ್ಕಳೆ ಉದುರಿತು. ಆಯುಧಪೂಜೆಯ ದಿನ ತಮ್ಮ ಹಣೆ ಯಾವುದೆಂದು ತಿಳಿಯದೆ ಆ ಜಾಲರಿಯನ್ನೇ ಹಣೆಯೆಂದು ಭಾವಿಸಿ, ಗಂಧ ಕುಂಕುಮಗಳಿಂದ ಗೋಡೆಗೆ ಗಾರೆ ಹಾಕಿದಂತೆ ಮುಚ್ಚಿದವನು ನಾನೇ. ತಾವು ಅಷ್ಟು ದಿನ ಉಸಿರು ಕಟ್ಟಿ ಸಹಿಸಿಕೊಂಡಿದ್ದಿರಿ. ತೊಳೆದು ಎಳೆದೆ. ಒಂದೇ ಎಳೆತಕ್ಕೆ ತಾವು ಪಡಸಾಲೆಯಲ್ಲಿಯೇ ಅಬ್ಬರಿಸಿ, ಓಬಳಮ್ಮ ಕೇರಿಟ್ಟಿದ್ದ ರಾಗಿಯನ್ನು ಬೀದಿಗೆ ತೂರಿದಿರಿ. ಸದ್ದು ಕೇಳಿ ಬಂದ ಅಕ್ಕ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಚೆನ್ನಾಗ್ ಕೂಗ್ತೈತೆ. ಈಗ ನಿಲ್ಸು, ಎಮ್ಮೆ ಹೆದರಿ ಹಾಲಿಗೆ ಸೊರ ಬಿಡ್ತಾ ಇಲ್ಲ," ಎಂದು ಹೋದಳು.

ಮೊನ್ನೆ ಗೆಡ್ಡೆ ಅಗೆದೆವು. ನನ್ನ ಹೊಲದ ಮೂಟೆಗಳನ್ನು, ಆ ಮೂಲೆಯ ನಷ್ಟಕ್ಕೆ ಸಮನಾಗಬಹುದೆಂದು ತೋರಿದಷ್ಟನ್ನು, ಅಕ್ಕನ ಅಂಗಳದಲ್ಲಿ ಇಳಿಸಿದೆ. ಅವಳು ಬೇಡವೆನ್ನಲಿಲ್ಲ. ಮೂಟೆ ಬಿಚ್ಚಿ, ಕೂತು, ಸಣ್ಣ ಗೆಡ್ಡೆಗಳನ್ನು ಬಿತ್ತನೆಗೆಂದು ಒಂದು ಕಡೆ ಆರಿಸತೊಡಗಿದಳು. ನಾನೂ ಎದುರಿಗೆ ಕೂತು ಆರಿಸಿದೆ. ಅವಳು ತಲೆಯೆತ್ತದೆ, "ಪಂಪು ಮಾತ್ರ ಚೆನ್ನಾಗ್ ಒತ್ತುತೀಯ ಕಣಪ್ಪ. ಮುಂದಿನ ಬೆಳೆಗೂ ಬಾ," ಎಂದಳು. ಯಂತ್ರಗಳ ವಿಷಯದಲ್ಲಿ ನನಗೆ ಈ ಜನ್ಮದಲ್ಲಿ ದೊರೆತಿರುವ ಪ್ರಶಸ್ತಿ ಇದೊಂದೇ. ಹೋಗುವೆನೆಂದು ಹೇಳಿದ್ದೇನೆ, ಈ ಸಲ ಬರಿಯ ಎರಡು ಕೈಗಳ ಭರವಸೆಯ ಮೇಲೆ.

ಬೆಂಚಿನ ಅರ್ಧವನ್ನಾದರೂ ಬಿಟ್ಟುಕೊಡಬೇಕೆಂದು ಬೇಡುವ,

ತಮ್ಮ ವಿಶ್ವಾಸಿ, ಬೊಬ್ಬೆಗಳಿನ್ನೂ ಮಾಯದ
ವೆಂಕಟರವಣಪ್ಪ

ಮರೆತ ಮಾತು: ಈ ಪತ್ರದ ಒಂದು ಪ್ರತಿಯನ್ನು ತಮ್ಮ ಟ್ಯಾಂಕಿನ ಕೆಳಗೆ ಇಟ್ಟಿದ್ದೇನೆ. ಓದಿ ಸಿಟ್ಟು ಬಂದು ಸುಟ್ಟುಹಾಕಬೇಕೆನಿಸಿದರೆ ಅಗತ್ಯವಾಗಿ ಸುಡಬಹುದು. ಅಷ್ಟು ಹೊತ್ತಿಗೆ ಕಿಡಿ ಬಾರದಿದ್ದರೆ ಓಬಳಮ್ಮನ ಒಲೆಯ ಹತ್ತಿರ ಬೆಂಕಿಪೊಟ್ಟಣವಿದೆ, ಸಂಕೋಚವಿಲ್ಲದೆ ಕೇಳಿ ಪಡೆಯತಕ್ಕದ್ದು.