ನಾನು ಕಂಪ್ಯೂಟರಿನ ಅಟ್ಟ ಹಿಗ್ಗಿಸಿದ್ದು

ಕಳೆದ ವಾರ ಇದೇ ಅಂಕಣದಲ್ಲಿ ನಾನು ಗುಡುಗಿದ್ದು ನಿಮಗೆ ನೆನಪಿರಬಹುದು. (ಇಲ್ಲದಿದ್ದರೂ ಚಿಂತೆಯಿಲ್ಲ; ಹೊಳೆದಂಡೆಯ ಊರಾದ ಅಘನಾಶಿನಿಯ ಮಾಸ್ತಮ್ಮನಿಗೆ ಚೆನ್ನಾಗಿ ನೆನಪಿದೆ.) ಬಡವರ ಕಾಗದಪತ್ರ ಕಳೆಯುವವರ ಹೆಸರನ್ನು ಊರು ಸಮೇತ ಪತ್ರಿಕೆಯಲ್ಲಿ ಅಚ್ಚು ಹಾಕಬೇಕು ಎಂದು ಬರೆದಿದ್ದೆ. ಅಷ್ಟು ಬರೆಯುವುದರೊಳಗೆ ನಮ್ಮ ಮನೆಯ ಕಂಪ್ಯೂಟರ್ ಮೂರು ಸಲ ಮೂರ್ಛೆ ಹೋಯಿತು. ಶನಿವಾರ ಅದರ ಸೊಕ್ಕಡಗಿಸಲು ಪಣ ತೊಟ್ಟು ಕುಳಿತೆ.

ಯಾರನ್ನೂ ಕೇಳದೆ ಕಲಿತವನು ನಾನು. ಕಂಪ್ಯೂಟರಿನ ರ‍್ಯಾಮ್ ಎಂದರೆ ಅಡುಗೆಕಟ್ಟೆ, ಹಾರ್ಡ್ ಡಿಸ್ಕ್ ಎಂದರೆ ಅಟ್ಟ. ಕಟ್ಟೆ ತುಂಬಿದರೆ ಅದು ಪಾತ್ರೆಗಳನ್ನು ಅಟ್ಟದ ಒಂದು ಮೂಲೆಗೆ ಏರಿಸಿ, ಬೇಕಾದಾಗ ಇಳಿಸಿಕೊಳ್ಳುತ್ತದೆ. ಆ ಮೂಲೆಗೆ ವರ್ಚುವಲ್ ಮೆಮೊರಿ ಎಂಬ ಬಿರುದು. ನಮ್ಮ ಕಟ್ಟೆ ಎರಡೇ ಜಿಬಿ. ಮೂಲೆಯನ್ನು ಇಪ್ಪತ್ತು ಜಿಬಿ ಮಾಡಿಬಿಟ್ಟರೆ?

ನನ್ನ ಹೆಂಡತಿ ಪೂರ್ಣಿಮಾ ಕಾಯಿ ತುರಿಯುತ್ತಲೇ ಕೇಳಿದಳು: "ಅಟ್ಟ ದೊಡ್ಡದು ಮಾಡಿದ್ರೆ ಕಟ್ಟೆ ದೊಡ್ಡದಾಗ್ತದ್ಯಾ? ಉಪ್ಪಿನ ಡಬ್ಬಿಗೂ ಏಣಿ ಹತ್ತೂದಾಯ್ತು ಅಷ್ಟೆ. ಪೇಟೆಯಿಂದ ಒಂದು ರ‍್ಯಾಮ್ ತಂದು ಹಾಕಿ."

"ಕಂಪನಿಗಳ ಕುತಂತ್ರ ನಿಂಗೆ ಎಂತ ಗೊತ್ತು?"

"ಹಂಗಾರೆ ತೆರೆದಿಟ್ಟ ಆ ನಲವತ್ತು ಪೇಜಾದ್ರೂ ಮುಚ್ಚಿ."

"ಅದು ಸಂಶೋಧನೆ!"

"ಅದ್ರಲ್ಲಿ ಹತ್ತು ನಿಮ್ಮದೇ ಅಂಕಣ. ನಾ ನೋಡಿದ್ದೆ."

ಅಟ್ಟದಲ್ಲಿ ಜಾಗ ಸ್ವಲ್ಪ ಕಡಿಮೆ ಬಿತ್ತು. ನನ್ನ ಭಾಷಣಗಳ ವಿಡಿಯೊ ಅಳಿಸಲು ಮನಸ್ಸು ಬರಲಿಲ್ಲ. (ನಾಡಿನ ಸ್ವತ್ತು.) ಪಕ್ಕದಲ್ಲೇ 'ಮಾಸ್ತಮ್ಮ' ಎಂಬ ಫೋಲ್ಡರ್ ಇತ್ತು. ಫೋನ್ ತುಂಬಿದವರೆಲ್ಲ ತಮ್ಮ ಮದುವೆ, ತೊಟ್ಟಿಲಿನ ಫೋಟೊಗಳನ್ನು ತಂದು ಸುರಿಯುವುದು ಪೂರ್ಣಿಮಾಳ ಬಳಿ. ಮಾಸ್ತಮ್ಮನ ಮೊಮ್ಮಗಳ ಮದುವೆಯದಿರಬೇಕು, ಆಲ್ಬಮ್ ಹೇಗೂ ಇದೆಯಲ್ಲ ಎಂದು ಅಳಿಸಿದೆ. ಕಸದ ಬುಟ್ಟಿಯೂ ಜಾಗ ತಿನ್ನುತ್ತದೆಂದು ಅದನ್ನೂ ಖಾಲಿ ಮಾಡಿದೆ.

ಮಧ್ಯಾಹ್ನ ಪೂರ್ಣಿಮಾ ಕಂಪ್ಯೂಟರಿನ ಮುಂದೆ ಕೂತವಳು 'ಮಾಸ್ತಮ್ಮ' ಫೋಲ್ಡರ್ ಎಲ್ಲಿ ಎಂದಳು. ಅಳಿಸಿದೆ ಎಂದೆ.

"ಹೊಳೆಲಿ ಬಳಚಿನ ಚಿಪ್ಪು ಹೆಕ್ಕೂ ಮೂವತ್ತೊಂದು ಹೆಂಗಸ್ರ ಅರ್ಜಿ, ದಾಖಲೆ ಎಲ್ಲಾ ನಾ ಅದ್ರಲ್ಲೇ ತುಂಬಿಟ್ಟಿದ್ದೆ! ಗುರುತಿನ ಚೀಟಿಗೆ ಸೋಮವಾರವೇ ಕಡೇ ದಿನ. ಒಂದ್ಸಲ ತೆರೆದು ನೋಡೂಕೆ ಎಂತ ಆಗಿತ್ತು ನಿಮಗೆ?"

(ಬಡವರ ಬಗ್ಗೆ ಬರೆಯುವ ಅವಸರದಲ್ಲಿದ್ದೆ.)

ಭಾನುವಾರ ಅಘನಾಶಿನಿಗೆ ಹೋದರೆ ಮನೆಗಳೆಲ್ಲ ಖಾಲಿ. ಉಬ್ಬರದ ನೀರು ಇಳಿದಿತ್ತು, ಹೆಂಗಸರೆಲ್ಲ ಹೊಳೆಯಲ್ಲಿ. ಹೊಸ ಖಾಲಿ ಅರ್ಜಿಗಳ ಕಟ್ಟನ್ನು ತಲೆಯ ಮೇಲಿಟ್ಟುಕೊಂಡು ನಾನೂ ಇಳಿದೆ. ಒಂದು ಚಪ್ಪಲಿಯನ್ನು ಕೆಸರು ನುಂಗಿತು. ಮಾಸ್ತಮ್ಮ ಕೆಸರಲ್ಲಿ ತಡಕಿ ತೆಗೆದ ಬಳಚನ್ನು ಅಂಗೈಯಲ್ಲಿಟ್ಟು ನೋಡಿ, ಮರಿಯೆಂದು ವಾಪಸ್ ನೀರಿಗೆ ಬಿಟ್ಟಳು. ನನ್ನ ತಪ್ಪೊಪ್ಪಿಗೆ ಕೇಳಿದ ಮೇಲೆ ಹೇಳಿದಳು:

"ನಾ ಬುಟ್ಟಿಗೆ ಹಾಕೂಕಿಂತ ಮೊದ್ಲು ಒಂದೊಂದನ್ನೂ ನೋಡ್ತೆ ತಮಾ. ನೀ ನೋಡೂದಿಲ್ಲನಾ?"

ನೀರು ಏರುವವರೆಗೆ ಅವಳೇ ಒಬ್ಬೊಬ್ಬರನ್ನೂ ಕೂಗಿ ಕರೆದು ಹೆಬ್ಬೆಟ್ಟು ಒತ್ತಿಸಿದಳು. ಇಪ್ಪತ್ತೇಳು ಅರ್ಜಿಗಳಾದವು. ಉಳಿದ ನಾಲ್ವರು ಗೋವಾಕ್ಕೆ ಕೂಲಿಗೆ ಹೋಗಿದ್ದರು. ಅವರ ಅರ್ಜಿ ಹೋಗಲಿಲ್ಲ. ಅವರಿಗೆ ಇನ್ನು ಬರುವ ವರ್ಷವೇ. ಯಾವ ಗುಮಾಸ್ತನನ್ನು ಬೈಯಲಿ ಎಂದು ಎರಡು ದಿನ ಹುಡುಕಿದೆ. ಒಬ್ಬನೂ ಸಿಗಲಿಲ್ಲ.

ಆ ಭಾನುವಾರ ದಡ ಹತ್ತುವಾಗ ಮಾಸ್ತಮ್ಮ ಮತ್ತೆ ಕರೆದಿದ್ದಳು.

"ತಮಾ, ನೀ ಬರ್ದದ್ದ ನಮ್ಮನೆ ಹುಡ್ಗಿ ಅಂಕಿತಾ ಓದಿ ಹೇಳ್ತು. ಕಾಗ್ದ ಕಳೆದವ್ರ ಹೆಸ್ರು, ಊರು ಹಾಕ್ಬೇಕು ಅಂದಿದ್ಯಲ್ಲ. ಹಾಕ್ತ್ಯಾ?"

"ಹಾಕ್ತೆ."

"ಆತು. ಮುಂದಿನ ವಾರವೂ ಓದೂಕೆ ಹೇಳ್ತೆ."

ಇದನ್ನು ಬರೆಯುವಾಗ ಕಂಪ್ಯೂಟರ್ ಒಮ್ಮೆಯೂ ನಿಲ್ಲಲಿಲ್ಲ. ನನ್ನ ಇಪ್ಪತ್ತು ಜಿಬಿಯ ಮಹಿಮೆಯಲ್ಲ. ಪೂರ್ಣಿಮಾ ಆ ನಲವತ್ತು ಪೇಜುಗಳನ್ನು ಮುಚ್ಚಿದ್ದಾಳೆ.

ಕಾಗದ ಕಳೆದವನು: ರಮಾನಂದ, ಕುಮಟಾ.

ಈ ಸಾಲಿನ ಅಕ್ಷರ ದಪ್ಪಗಿರಲಿ ಎಂದು ಪೂರ್ಣಿಮಾ ಸಂಪಾದಕರಿಗೆ ಫೋನನ್ನೂ ಮಾಡಿದ್ದಾಳೆ.