ಫ್ರಿಜ್ಜಿಗೆ ಅಂಟಿದ ಅಪ್ಪ

ಇದು ನಿಜವಾಗಿ ನಡೆದದ್ದು. ನಂಬದಿದ್ದರೆ ಗಲ್ಫಿನ ಅಲ್ ಗರಾಫಾದ ವೆಂಕಟರಾಮು ಮನೆಯ ಫ್ರಿಜ್ಜನ್ನೇ ಕೇಳಿ. ಸ್ವಲ್ಪ ಹೊತ್ತು ಅದೂ ಅಪ್ಪನಾಗಿತ್ತು.

ಫುಟ್‌ಬಾಲ್ ವಿಶ್ವಕಪ್ಪಿನ ವರ್ಷ. ವೆಂಕಟರಾಮುವಿಗೆ ದೂರದ ಅಲ್ ಖೋರ್‌ನಲ್ಲಿ ಕೆಲಸ. ಮಗಳು ಏಳುವ ಮೊದಲೇ ಕಂಪನಿ ಬಸ್ಸು, ಅವಳು ಮಲಗಿದ ಮೇಲೆ ಮನೆ. ಮಧ್ಯಾಹ್ನ ಹೆಂಡತಿ ರತ್ನಪ್ರಭಾಳ ಮೊಬೈಲಿಗೆ ವಿಡಿಯೊ ಕಾಲ್ ಮಾಡಿ ಮಗಳಿಗೆ ಮುಖ ತೋರಿಸಿದರೆ ಅವತ್ತಿನ ಅಪ್ಪತನ ಖಲಾಸ್.

ಮೂರು ವರ್ಷದ ಶರ್ವಾಣಿಗೆ ಆಟಿಸಂ. ತಾನಾಗಿ ಒಂದು ಮಾತೂ ಆಡಳು. ಅಕ್ಷರ ಕಂಡರೆ ಮಾತ್ರ ಬಿಡಳು. ಮಜ್ಜಿಗೆ ಬಾಟಲಿ, ಆಟಗಾರರ ಬೆನ್ನಿನ ಹೆಸರು, ಕ್ಯಾಲೆಂಡರಿನ ಸಂಕಷ್ಟಹರ ಚತುರ್ಥಿ, ಎಲ್ಲವನ್ನೂ ಪುರೋಹಿತರಂತೆ ಓದುತ್ತಾಳೆ. ಕಲಿಸಿದವರು ಯಾರೂ ಇಲ್ಲ!

"ಅಕ್ಷರದ ಆಕಾರ ಹಿಡಿಯುವ ಭಾಗ, ಸದ್ದು ಹಿಡಿಯುವ ಭಾಗ, ಎರಡೂ ಇವಳ ಮೆದುಳಲ್ಲಿ ಬೇಗ ದೋಸ್ತಿಯಾಗಿರ್ಬೇಕು," ಎಂದಿದ್ದರು ಅವಳನ್ನು ಪರೀಕ್ಷಿಸಿದ ಡಾಕ್ಟರ್ ಎಡ್ನಾ. "ಅರ್ಥ ಮೆಲ್ಲ ಹಿಂದಿನಿಂದ ಬರ್ತದೆ. ಸಾಮಾನಿಗೆಲ್ಲ ಹೆಸರಿನ ಚೀಟಿ ಅಂಟಿಸಿ."

ಆ ಅಂಗೈಯಗಲದ ತಲೆಯೊಳಗೆ ದೀಪ ಹಚ್ಚಿಟ್ಟವರು ಯಾರು ಎಂದು ವೆಂಕಟರಾಮುವಿಗೆ ಮೈ ಜುಮ್ಮೆಂದಿತ್ತು. ರಜೆಯ ಶುಕ್ರವಾರ, ಮಗಳು ಮಲಗಿದ್ದಾಗ, ಬಾಗಿಲಿಗೆ 'ಬಾಗಿಲು', ಫ್ರಿಜ್ಜಿಗೆ 'ಫ್ರಿಜ್', ತನ್ನೆದೆಗೆ 'ಅಪ್ಪ' ಅಂಟಿಸಿ, ಶೋರೂಮಿನ ಸೋಫಾದಂತೆ ಕೂತ. ಓದಿಯಾದರೂ ಸರಿ, ಒಮ್ಮೆ ಅವಳು ತನ್ನನ್ನು 'ಅಪ್ಪ' ಅನ್ನಬೇಕು!

ಕಾದು ಕಾದು ಇವನಿಗೇ ಜೊಂಪು ಹತ್ತಿತು. ಮ್ಯಾಚ್ ನೋಡಲು ಬಂದ ಮೇಲಿನ ಮನೆಯ ಉಡುಪಿಯ ಅಣ್ಣು ಸುಮ್ಮನಿರುವ ಆಸಾಮಿಯೇ? 'ಅಪ್ಪ'ನನ್ನು ಕಿತ್ತು ಫ್ರಿಜ್ಜಿಗೆ ಹಚ್ಚಿದ, 'ಫ್ರಿಜ್' ಇವನೆದೆಗೆ ಬಂತು.

"ರೀ, ಹಾಲಿಲ್ಲ!" ಎಂದು ರತ್ನಪ್ರಭಾ ಒಳಗಿಂದ ಕೂಗಿದ್ದೇ, ವೆಂಕಟರಾಮು ಎದೆ ನೋಡಿಕೊಳ್ಳದೆ ಅಂಗಡಿಗೆ ಓಡಿದ. ಬರುವಾಗ ಎದುರುಮನೆಯ ಸುಬೈದಾ ಅವನೆದೆಯ ಚೀಟಿ ಓದಿ ಮೆಟ್ಟಿಲಲ್ಲೇ ನಿಂತರು. "ಎಷ್ಟು ಲೀಟರಿಂದು ಅಣ್ಣಾ?"

"ಎರಡು ಲೀಟರ್ ಅಕ್ಕಾ," ಎಂದು ಹಾಲಿನ ಬಾಟಲಿ ಎತ್ತಿ ತೋರಿಸಿದ. ಸುಬೈದಾ ಸೆರಗು ಕಚ್ಚಿಕೊಂಡು ಓಡಿದರು.

ಒಳಗೆ ಶರ್ವಾಣಿ ಎದ್ದಿದ್ದಳು. ಅವನೆದೆ ನೋಡಿದಳು. "ಫ್ರಿಜ್."

ಅಣ್ಣು ಸೋಫಾದಿಂದ ಉರುಳಿದ. "ಬಾಯಿ ಮುಚ್ಚಿ ಮಾರಾಯ್ರೆ, ತಂಪೆಲ್ಲ ಹೊರಗೆ ಹೋಗ್ತದೆ!"

"ಮಗು ಹತ್ರ ಇದೆಂಥಾ ಆಟ ರೀ?" ರತ್ನಪ್ರಭಾ ಅಣ್ಣುವಿನ ಮೇಲೆ ರೇಗಿದಳು.

ಶರ್ವಾಣಿ ಹುಬ್ಬು ಗಂಟಿಕ್ಕಿದಳು. ಇವನೆದೆಯ ಚೀಟಿ ಕಿತ್ತು ನೆಟ್ಟಗೆ ಫ್ರಿಜ್ಜಿಗೆ ಅಂಟಿಸಿದಳು. ಅಣ್ಣುವಿನ ನಗು ಅರ್ಧಕ್ಕೆ ನಿಂತಿತು.

"ಬರೀ ಓದೋದಲ್ಲ... ಅರ್ಥಾನೂ ಗೊತ್ತು ಕಣೇ ಇವಳಿಗೆ!" ವೆಂಕಟರಾಮು ಹೆಂಡತಿಯತ್ತ ತಿರುಗಿ ಕೂಗಿದ.

ಅವಳೀಗ 'ಅಪ್ಪ'ನನ್ನು ಕಿತ್ತಳು. ಇವನು ಪೆನಾಲ್ಟಿ ಕಾಯುವ ಗೋಲ್‌ಕೀಪರನಂತೆ ಕೈ ಚಾಚಿ ಮಂಡಿಯೂರಿದ. ಅವಳು ಅವನ ಪಕ್ಕದಿಂದಲೇ ನುಸುಳಿ, ಮೇಜಿನ ಮೇಲಿದ್ದ ಅಮ್ಮನ ಮೊಬೈಲಿಗೆ ಚೀಟಿ ಒತ್ತಿ ಅಂಟಿಸಿದಳು.

"ಅಪ್ಪ."

ಮರುಕ್ಷಣ, ಮೂರಡಿ ದೂರದಲ್ಲೇ ನಿಂತು, ಕಣ್ಣೊರೆಸಿಕೊಳ್ಳುತ್ತ, ಅದೇ ಮೊಬೈಲಿಗೆ ವಿಡಿಯೊ ಕಾಲ್ ಮಾಡಿ ಎಲ್ಲರಿಗಿಂತ ಜೋರಾಗಿ ನಕ್ಕವನು ವೆಂಕಟರಾಮುವೇ.