ತುಂಟನ ಪಾತ್ರ

"ಕಾಲು ಹಿಡಿ ಲಾಡ್ಲೆಸಾಬ, ಕಾಲು! ಕೈ ಹಿಡಿದ್ರ ಒದಿತಾಳ!"

ಸರಸ್ವತಿಬಾಯಿ ಹೀಗೆ ಕೂಗುವಷ್ಟರಲ್ಲಿ ಅಮೃತಳ ಎಡಗಾಲು ಕಾವಲುಗಾರ ಲಾಡ್ಲೆಸಾಬನ ಹೊಟ್ಟೆಗೆ ಬಿದ್ದಾಗಿತ್ತು. ಅವನು ಗಾಳಿ ಹೋದ ಸೈಕಲ್ ಟ್ಯೂಬಿನಂತೆ ಕುಸಿದರೂ ಹಿಡಿತ ಬಿಡಲಿಲ್ಲ. ಎಂಟು ವರ್ಷದ ಹುಡುಗಿಯನ್ನು ಇಬ್ಬರೂ ಸೇರಿ ಜೋಳದ ಚೀಲದ ಹಾಗೆ ಹೊತ್ತು, ಹಿಟ್ಟು, ಬೆಲ್ಲ ಇಡುವ ಕೋಣೆಗೆ ತಳ್ಳಿ, ಹೊರಗಿನಿಂದ ಚಿಲಕ ಹಾಕಿದರು.

ಆಗಷ್ಟೇ ಸೈಕಲ್ಲಿನಿಂದ ಇಳಿದ ಶ್ರೀಪಾದ ಬಾಗಿಲಲ್ಲೇ ನಿಂತ.

"ಏನ್ರಿ ಬಾಯಾರ ಇದು?"

"ಸಾಹೇಬ್ರು ಹೋಗೋತನ ಅಷ್ಟ," ಎಂದಳು ಸರಸ್ವತಿಬಾಯಿ ಸೆರಗು ಸರಿಮಾಡಿಕೊಳ್ಳುತ್ತ. "ಎಲ್ಲಾ ಮಕ್ಕಳನ್ನೂ ಕೂಡಿಸ್ಕೊಂಡು ಹೋಗೋದು ಹ್ಯಾಂಗ ಅಂತ ಕಲಸಾಕ ಗುಲ್ಬರ್ಗಾದಿಂದ ಬರಾಕತ್ತಾರ. ನಡುವ ಈ ಪೋರಿ ಚೀರಿದ್ರ ನಮ್ಮ ಮರ್ಯಾದಿ ಉಳೀತದೇನು?"

ಶ್ರೀಪಾದನ ತಲೆ ರೊಟ್ಟಿಯ ಹಂಚಿನಂತೆ ಕಾಯಿತು. ಶಾಲೆ ಬಿಟ್ಟ ಮಕ್ಕಳನ್ನು ತಂದೆತಾಯಿ ಕೆಲಸದಿಂದ ಬರುವವರೆಗೆ ನೋಡಿಕೊಳ್ಳುವ ಜೇವರ್ಗಿಯ ಆ ಸಂಜೆ ಕೇಂದ್ರದಲ್ಲಿ ಅವನು ಮಾಸ್ತರ, ಸರಸ್ವತಿಬಾಯಿ ಅವನ ಮೇಲಧಿಕಾರಿ. ಅಮೃತಳ ತಾಯಿ ನಿಂಬೆವ್ವ ಬೇಳೆ ಮಿಲ್ಲಿನ ಕೂಲಿ. ಹಿಂದೆ ಮಗಳನ್ನು ಮನೆಯೊಳಗೆ ಹಾಕಿ, ಚಿಲಕ ಜಡಿದು ಕೆಲಸಕ್ಕೆ ಹೋಗುತ್ತಿದ್ದಳು. ಕತ್ತಲೆ ಕೋಣೆಯಲ್ಲಿ ಬೆಳೆದ ಹುಡುಗಿ ಕೈ ಹಿಡಿದವರನ್ನೆಲ್ಲ ಒದೆಯುವುದು ಕಲಿತಿದ್ದಳು. ಇನ್ನು ಮೇಲೆ ಅವಳ ಮುಂದೆ ಯಾವ ಬಾಗಿಲೂ ಮುಚ್ಚುವುದಿಲ್ಲ ಎಂದು ಶ್ರೀಪಾದ ನಿಂಬೆವ್ವನಿಗೆ ಮಾತು ಕೊಟ್ಟು ಕರೆತಂದಿದ್ದ. ಅಮೃತಳೂ ಇತ್ತೀಚೆಗೆ ಅವನ ಪಕ್ಕದಲ್ಲಿ ಅರ್ಧ ಕತೆ ಮುಗಿಯುವತನಕ ಕೂಡುವಷ್ಟಾಗಿದ್ದಳು.

ಶ್ರೀಪಾದನ ಸಿಟ್ಟಿಗೊಂದು ಕೆಟ್ಟ ಚಾಳಿಯಿತ್ತು. ಹೊಟ್ಟೆಯಲ್ಲಿ ಹುಲಿಯಾಗಿ ಎದ್ದು, ಬಾಯಿಗೆ ಬರುವ ಹೊತ್ತಿಗೆ "ಹೌದ್ರಿ" ಆಗಿಬಿಡುತ್ತಿತ್ತು. ಇಂದು ಹಾಗಾಗಬಾರದೆಂದು ಅವನು ಚಿಲಕಕ್ಕೆ ಕೈ ಹಾಕಿದ. ಅಷ್ಟರಲ್ಲಿ ಅಂಗಳದಲ್ಲಿ ಜೀಪು ನಿಂತಿತು.

"ಬಂದ್ರು! ನೌಕರಿ ಬೇಕಂದ್ರ ಸುಮ್ ಕೂಡ್ರಿ!" ಎಂದಳು ಸರಸ್ವತಿಬಾಯಿ.

"ಹೌದ್ರಿ," ಎಂದಿತು ಹುಲಿ.

ಆಳಂದ, ಅಫಜಲಪುರದ ಕೇಂದ್ರಗಳಿಂದ ಬಂದ ಸಿಬ್ಬಂದಿ ಪರಸಿಕಲ್ಲಿನ ನೆಲದ ಮೇಲೆ ಸಾಲಾಗಿ ಕುಳಿತರು. ಗದ್ದಲವಾಗುತ್ತದೆಂದು ಮಕ್ಕಳಿಗೆ ರಜೆ ಕೊಟ್ಟಿದ್ದರಿಂದ ಮಕ್ಕಳ ಕುರಿತ ತರಬೇತಿಯಲ್ಲಿ ಒಂದು ಮಗುವೂ ಇರಲಿಲ್ಲ. ಹೋಗಲು ತೆರೆದ ಮನೆಯಿಲ್ಲದ ಅಮೃತಳೊಬ್ಬಳು ಹಿಟ್ಟಿನ ಕೋಣೆಯಲ್ಲಿ.

ತರಬೇತುದಾರ ಹಣಮಂತ್ರಾಯರು ದಪ್ಪ ಮೀಸೆಯ, ತೆಳ್ಳನೆಯ ತಾಳ್ಮೆಯ ಮನುಷ್ಯ.

"ಮಕ್ಕಳಿಗಿ ಹೊಡೀಬಾರದು!" ಎಂದು ಮೇಜಿಗೆ ಬೆತ್ತದಿಂದ ಹೊಡೆದರು. ಚಹದ ಕಪ್ಪುಗಳು ಎದ್ದು ಕುಳಿತವು. "ಬೈಬಾರದು! ಯಾರನ್ನೂ ಹೊರಗ ಹಾಕಬಾರದು! ಯಾರ್ರಿ ಅದು ಕೆಮ್ಮೋರು? ಹೊರಗ ಹೋಗ್ರಿ!"

ಆಳಂದದ ಶಿಕ್ಷಕಿಯೊಬ್ಬರು ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದರು. ಶ್ರೀಪಾದ ಹಲ್ಲು ಕಡಿದ.

"ಈಗ ಆಟ ಆಡೂಣು. ನೀವೆಲ್ಲಾ ಮಕ್ಕಳು, ನಾ ಮಾಸ್ತರ. ಒಬ್ಬ ತುಂಟ ಹುಡುಗ ಬೇಕು. ಅವನ್ನ ಪ್ರೀತಿಲಿಂದ ಹ್ಯಾಂಗ ಗೆಲ್ಲೋದು, ತೋರಸ್ತೇನಿ."

"ಆ ಪಾತ್ರ ನಮ್ಮ ಶ್ರೀಪಾದಗ ಕೊಡ್ರಿ ಸಾಹೇಬ್ರ," ಎಂದಳು ಸರಸ್ವತಿಬಾಯಿ. "ಇರುವಿಗೂ ದಾರಿ ಬಿಡೋ ಮನಷ್ಯಾ. ಭಾಳ ತ್ರಾಸ ಕೊಡಂಗಿಲ್ಲ."

ಎಲ್ಲರೂ ನಕ್ಕರು. ಶ್ರೀಪಾದ ನಗಲಿಲ್ಲ. ಎದ್ದು ನಿಂತ.

"ಕೂಡಪ್ಪ ತಮ್ಮಾ," ಎಂದರು ಹಣಮಂತ್ರಾಯರು, ದನಿಗೆ ಬೆಲ್ಲ ಬೆರೆಸಿ.

"ಅಮೃತಾ ಬರಲಿ. ಆಮ್ಯಾಲ ಕೂಡ್ತೇನಿ."

"ಶಾಬ್ಬಾಸ್! ಅಮೃತಾ ಅಂದ್ರ ಯಾರು?"

"ಯಾರೂ ಇಲ್ರಿ," ಎಂದಳು ಸರಸ್ವತಿಬಾಯಿ ಅವಸರದಿಂದ. "ಆಟದಾಗಿನ ಹೆಸರು."

ಧಡ್ ಎಂದು ಕೋಣೆಯ ಬಾಗಿಲು ಅಲುಗಿತು.

"ಅದೇನು?"

"ಇಲಿರಿ."

"ಇಷ್ಟ ದೊಡ್ಡದಾ?"

"ಈ ಕಡಿ ಇಲಿ ಹಂಗೇ ಸಾಹೇಬ್ರ," ಎಂದ ಲಾಡ್ಲೆಸಾಬ ಹೊಟ್ಟೆ ಸವರಿಕೊಳ್ಳುತ್ತ. "ಒದಿತಾವ ಸುದ್ದಾ."

ಶ್ರೀಪಾದ ಕೋಣೆಯ ಕಡೆಗೆ ನಡೆದ. ಇಷ್ಟು ವರ್ಷ ನುಂಗಿದ "ಹೌದ್ರಿ"ಗಳೆಲ್ಲ ಗಂಟಲಲ್ಲಿ ಒಮ್ಮೆಗೇ ಕುದಿಯತೊಡಗಿದ್ದವು. ಹಣಮಂತ್ರಾಯರು ಅವನ ರಟ್ಟೆ ಹಿಡಿದರು. ಕೊಸರಿದ. ಅವರು ಪ್ರೀತಿಯನ್ನು ಸ್ವಲ್ಪ ಬಿಗಿ ಮಾಡಿದರು. ಮತ್ತೆ ಕೊಸರಿದ. ಅವರು ಕಿವಿ ಹಿಡಿದು ತಿರುವಿದರು.

"ಕೂಡಂದ್ರ ಕೂಡಬೇಕು ಮಗನ!"

ಕಿವಿಯ ಹತ್ತಿರವೇ ಇದ್ದ ಆ ಮಣಿಕಟ್ಟನ್ನು ಶ್ರೀಪಾದ ಗಬಕ್ಕನೆ ಕಚ್ಚಿದ.

"ಯವ್ವಾ!" ಎಂದು ಚೀರಿದ ಹಣಮಂತ್ರಾಯರ ದನಿಗೆ ಮಾಡಿನ ಪಾರಿವಾಳಗಳು ಹಾರಿದವು. ಸರಸ್ವತಿಬಾಯಿ ಗೋಡೆಗೆ ಒರಗಿದಳು. ತನ್ನ ನೌಕರಿ ಹೋಯಿತೆಂದು ಶ್ರೀಪಾದನಿಗೂ ಖಾತ್ರಿಯಾಯಿತು. ಆಶ್ಚರ್ಯವೆಂದರೆ ಅವನಿಗೆ ಹಸಿವಾಗತೊಡಗಿತು.

ಹಣಮಂತ್ರಾಯರು ರಕ್ತ ಜಿನುಗುವ ಕೈ ನೋಡಿಕೊಂಡರು, ಎದುರಿನ ಕಣ್ಣುಗಳನ್ನೂ ನೋಡಿದರು. ಮೂರು ತಾಲೂಕಿನವರ ಮುಂದೆ ಮಾಸ್ತರನೊಬ್ಬ ಕಚ್ಚಿದ ಎಂದು ಒಪ್ಪಿಕೊಂಡರೆ ಗುಲ್ಬರ್ಗಾದಲ್ಲಿ ತಲೆಯೆತ್ತಿ ತಿರುಗುವ ಹಾಗಿರಲಿಲ್ಲ.

"ಅಭಿನಯ!" ಎಂದು ಕೂಗಿದರು. "ನೋಡ್ರಿ, ತುಂಟ ಅಂದ್ರ ಹಿಂಗ ಇರಬೇಕು! ಕಚ್ಚಿದ. ನಾ ಹೊರಗ ಹಾಕಿದೆನೇನು? ಇಲ್ಲ!"

ಎಲ್ಲರಿಗಿಂತ ಮೊದಲು ಲಾಡ್ಲೆಸಾಬ ಚಪ್ಪಾಳೆ ತಟ್ಟಿದ. ಶ್ರೀಪಾದ ಬಾಯಿ ಒರೆಸಿಕೊಂಡ.

"ಹಂಗಾರ ಕಚ್ಚೋರನ್ನೂ ಹೊರಗ ಹಾಕಬಾರದಾ ಸಾಹೇಬ್ರ?"

"ಖಂಡಿತ ಹಾಕಬಾರದು."

"ಒದಿಯೋರನ್ನ?"

"ಅವರನ್ನೂ ಹಾಕಬಾರದು."

ಶ್ರೀಪಾದ ಚಿಲಕ ಸರಿಸಿದ. ಹಿಟ್ಟು ಮೆತ್ತಿಕೊಂಡು ಬೂದಿ ಬಡಿದ ಬೈರಾಗಿಯಂತಾಗಿದ್ದ ಅಮೃತ ಹೊರಗೆ ಬಂದಳು. ಬಾಗಿಲ ಸಂದಿಯಿಂದ ಎಲ್ಲವನ್ನೂ ನೋಡಿದ್ದಳೆಂದು ತೋರಿತು. ಯಾರನ್ನೂ ಒದೆಯದೆ ನೆಟ್ಟಗೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತಳು.

"ನೋಡ್ರಿ ಪ್ರೀತಿಯ ಪರಿಣಾಮ!" ಎಂದರು ಹಣಮಂತ್ರಾಯರು, ಕೈಗೆ ಕರವಸ್ತ್ರ ಸುತ್ತಿಕೊಳ್ಳುತ್ತ. "ಬಾಯಾರ, ಈ ಹುಡುಗಿಗಿ ದಿನಾ ಇಲ್ಲೇ ಮುಂದ ಜಾಗ ಕೊಡ್ರಿ."

"ಹೌದ್ರಿ," ಎಂದಳು ಸರಸ್ವತಿಬಾಯಿ. ಆ ಮಾತು ಇನ್ನೊಬ್ಬರ ಬಾಯಲ್ಲಿ ಎಷ್ಟು ಚಂದ ಕೇಳಿಸುತ್ತದೆ ಎಂದು ಶ್ರೀಪಾದನಿಗೆ ಮೊದಲ ಸಲ ಗೊತ್ತಾಯಿತು.

ಮಿಲ್ಲು ಬಿಟ್ಟಿತು. ತೊಗರಿಯ ಧೂಳಿನಲ್ಲಿ ಮುಳುಗೆದ್ದ ನಿಂಬೆವ್ವ ಬಾಗಿಲಿಗೆ ಬಂದಳು.

"ಬರ್ರಿ ಅವ್ವಾರ!" ಎಂದು ಹಣಮಂತ್ರಾಯರೇ ಕರೆದರು. "ನಿಮ್ಮ ಮಗಳು ಭಾಳ ಶಾಣ್ಯಾಕಿ. ದಿನಾ ಕಳಸ್ರಿ. ಯಾರೂ ಹೊರಗ ಹಾಕಂಗಿಲ್ಲ, ನಾ ಹೇಳೇನಿ."

ನಿಂಬೆವ್ವ ಕರವಸ್ತ್ರದ ಕೆಂಪು ಕಲೆ ನೋಡಿದಳು.

"ಕೈಗಿ ಏನಾಯ್ತರಿ ಸಾಹೇಬ್ರ?"

ಹಣಮಂತ್ರಾಯರು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಅಮೃತ ಎದ್ದು ಬಂದಳು. "ಮಾಸ್ತರು ಕಚ್ಯಾರ ಬೇ ಯವ್ವಾ! ಹಿಂಗ!" ಎಂದು ಪಕ್ಕದಲ್ಲಿದ್ದ ಲಾಡ್ಲೆಸಾಬನ ಕೈಯನ್ನೆತ್ತಿ ಬಾಯಿಗಿಟ್ಟುಕೊಂಡು ತೋರಿಸಿದಳು. ಲಾಡ್ಲೆಸಾಬ ಕೂಗಿದ ಕೂಗು ಅಭಿನಯವಾಗಿರಲಿಲ್ಲ.

"ಖರೇನ್ರಿ ಮಾಸ್ತರ?"

"ನಿನ್ನ ಮಗಳ ಸಲುವಾಗೇ ನಿಂಬೆವ್ವಾ..." ಎಂದ ಶ್ರೀಪಾದ.

ನಿಂಬೆವ್ವ ಮಗಳನ್ನು ಎಳೆದು ಕಂಕುಳಲ್ಲಿ ಎತ್ತಿಕೊಂಡಳು.

"ಅಭಿನಯ ಅವ್ವಾ ಅದು, ಆಟ!" ಎಂದರು ಹಣಮಂತ್ರಾಯರು. "ಮುಂದಿನ ಸಾಲಿನಾಗ ಜಾಗ ಅದ ನಿನ್ನ ಮಗಳಿಗಿ, ದಿನಾ ಬೆಲ್ಲ ಶೇಂಗಾ ಕೊಡ್ತೇವಿ..."

"ನನ್ನ ಮಗಳು ಒದಿತಾಳ್ರಿ, ಖರೆ. ಆದ್ರ ಇಲ್ಲಿಗಿ ಬರೋತನ ಯಾರಿಗೂ ಕಚ್ಚಿದಾಕಿ ಅಲ್ಲ. ಒಲ್ಲೆರಿ. ನಾ ಕಳಸಂಗಿಲ್ಲ."